ಘಟ್ಟ ಇಳಿಯುವ ಮುಂಚೆ

ಕೇಳುಗರಿಗೆಲ್ಲ ನಮಸ್ಕಾರ.

ನಾನು ಕಾಫಿ ತೋಟಗಳ ಲೆಕ್ಕ ಬರೆಯುವವಳು. ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಚಿಕ್ಕಮಗಳೂರಿನಿಂದ ಮೂಡಿಗೆರೆ, ಕಳಸ, ಸಕಲೇಶಪುರ ಅಂತ ಓಡಾಡುತ್ತೇನೆ. ಬೇಕಾದ ಫೈಲುಗಳನ್ನೆಲ್ಲ ಮನೆಯಲ್ಲೇ ಇಳಿಸಿಕೊಂಡು ಹೊರಡುತ್ತೇನೆ. ತೋಟದ ಮನೆಯಲ್ಲಿ ಕೂತು ನೆಟ್ ಹುಡುಕಿದರೆ ಇಡೀ ದಿನ ಹಾಳು.

ಹೋದ ಮಳೆಗಾಲದಲ್ಲಿ ಒಂದು ಸಂಜೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಉಜಿರೆಗೆ ಹೊರಟಿದ್ದೆ. ಮನೆಗೆ ಫೋನ್ ಮಾಡಿರಲಿಲ್ಲ. ಘಟ್ಟದ ಮಧ್ಯೆ ಮರ ಬಿದ್ದು ಬಸ್ಸು ನಿಂತಿತು. ಟವರ್ ಇಲ್ಲ. ಮರ ತೆಗೆಯುವಷ್ಟರಲ್ಲಿ ಫೋನಿನ ಚಾರ್ಜೂ ಮುಗಿದಿತ್ತು. ರಾತ್ರಿ ಉಜಿರೆಯಲ್ಲಿ ಅಂಗಡಿಯವರೊಬ್ಬರ ಫೋನಿಂದ ಮಾತಾಡಿದೆ. ಅಮ್ಮ ಬೈಯಲಿಲ್ಲ. ಸುಮ್ನೆ ಅತ್ತಳು.

ಬಸ್ಸಿನಲ್ಲಿ ನನ್ನ ಫೋನನ್ನು ನಾನು ಮುಟ್ಟಿಯೂ ಇರಲಿಲ್ಲ. ಆದರೂ ಚಾರ್ಜ್ ಯಾಕೆ ಖಾಲಿಯಾಯಿತು? ಟವರ್ ದೂರ ಇದ್ದಷ್ಟೂ ಫೋನು ಜಾಸ್ತಿ ಶಕ್ತಿ ಹಾಕಿ ಮಾತಾಡಬೇಕು. ಟವರೇ ಸಿಗದಿದ್ದರೆ ಬಿಡದೆ ಹುಡುಕುತ್ತಲೇ ಇರುತ್ತದೆ. ಚೀಲದೊಳಗೇ ಬಿಸಿಯಾಗಿರುತ್ತದೆ, ಗಮನಿಸಿದ್ದೀರಲ್ವಾ? ಅಂಥ ಕಡೆ ಫ್ಲೈಟ್ ಮೋಡ್‌ಗೆ ಹಾಕಿಬಿಡಿ. ಆಗಾಗ ತೆಗೆದು ನೋಡಿದರೆ ಸಾಕು. ಮ್ಯಾಪನ್ನು ಮೊದಲೇ ಇಳಿಸಿಕೊಂಡಿದ್ದರೆ ನೆಟ್ ಇಲ್ಲದಿದ್ದರೂ ದಾರಿ ಕಾಣುತ್ತದೆ. ಜಿಪಿಎಸ್‌ಗೆ ಟವರ್ ಬೇಕಿಲ್ಲ. ಉಪಗ್ರಹದಿಂದ ಬರುವ ಸಿಗ್ನಲನ್ನು ಫೋನು ಬರೀ ಕೇಳಿಸಿಕೊಳ್ಳುತ್ತದೆ.

ಒಂದೇ ಕಡ್ಡಿ ಸಿಗ್ನಲ್ ಇದ್ದಾಗ ವಾಟ್ಸಾಪ್ ಸುತ್ತುತ್ತಲೇ ಇರುತ್ತದೆ. ಹಳೆಯ ಎಸ್‌ಎಂಎಸ್‌ಗೆ ನೆಟ್ ಬೇಡ, ಎಷ್ಟೋ ಸಲ ಅದು ಹೋಗಿ ಮುಟ್ಟುತ್ತದೆ. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ, ತುರ್ತು ಇದ್ದಾಗ ಸಹಾಯವಾಣಿ 112ಕ್ಕೆ ಕರೆ ಮಾಡಿ ನೋಡಿ. ಅಲ್ಲಿ ಬೇರೆ ಕಂಪನಿಯ ಟವರ್ ಸಿಕ್ಕರೆ ಅದರ ಮೂಲಕ ಹೋಗಬಹುದು. ಕೈಯಲ್ಲಿ ನೂರಿನ್ನೂರು ರೂಪಾಯಿ ನೋಟೂ ಇರಲಿ. ನೆಟ್ ಇಲ್ಲದ ಕಡೆ ಚಹಾ ಅಂಗಡಿಯ ಸ್ಕ್ಯಾನರ್ ಇದ್ದೂ ಇಲ್ಲದ ಹಾಗೆ.

ರೈಲಿನಲ್ಲಿ ಹೋಗುವವರಿಗೂ ಇದೇ ಪಾಡು. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗೆ 57 ಸುರಂಗಗಳಿವೆ. ಆ ಬಂಡೆಗಳನ್ನು ದಾಟಿ ಸಿಗ್ನಲ್ ಒಳಗೆ ಬರುವುದಿಲ್ಲ.

ಎಲ್ಲವನ್ನೂ ಪ್ರಯಾಣಿಕರ ಮೇಲೇ ಹಾಕುವುದು ಸರಿಯಲ್ಲ. ಮಳೆಗೆ ಕರೆಂಟ್ ಹೋದರೆ ಮಲೆನಾಡಿನ ಟವರ್‌ಗಳು ಬ್ಯಾಟರಿ ಇರುವಷ್ಟು ಹೊತ್ತು ನಡೆದು ನಿಂತುಬಿಡುತ್ತವೆ. ಮರ ಬೀಳುವುದೂ ಗುಡ್ಡ ಕುಸಿಯುವುದೂ ಅದೇ ದಿನಗಳಲ್ಲಿ. ಜೂನ್‌ಗೆ ಮುಂಚೆಯೇ ಅಲ್ಲಿಗೆ ಹೆಚ್ಚಿನ ಬ್ಯಾಟರಿ, ಡೀಸೆಲ್ ತಲುಪಲೇಬೇಕು. ಇದನ್ನು ನಾನು ಕೈಮುಗಿದು ಕೇಳುತ್ತೇನೆ.

ಈಗ ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಾಗ ನೀರುದೋಸೆಗೆ ಮೊದಲು ಫೋನ್ ಮಾಡುತ್ತೇನೆ. "ಅಮ್ಮಾ, ಘಟ್ಟ ಇಳೀತಿದ್ದೀನಿ. ಎರಡು ಗಂಟೆ ಫೋನ್ ಸಿಗಲ್ಲ." ಅವಳು ಗಡಿಯಾರ ನೋಡಿಕೊಳ್ಳುತ್ತಾಳೆ. "ಸರಿ, ಮಳೆ ಹೇಗಿದೆ?" ಅಂತ ಕೇಳುತ್ತಾಳೆ.

ನಮಸ್ಕಾರ.