ಅರವತ್ತು ತ್ರಿಕೋನ, ಆರು ಬಣ್ಣ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ಕಾಗದ, ಕತ್ತರಿ, ಅಂಟಿನ ಮಾತು. ಆಕಾರಗಳನ್ನು ಬರೀ ಬಾಯಲ್ಲಿ ಹೇಳಬೇಕು, ಅದೂ ಬಾನುಲಿಯಲ್ಲಿ, ಹಾಗಾಗಿ ಕೈಗೆ ಸಿಗುವ ಹಾಗೆ ಒಂದು ಪೆನ್ಸಿಲ್ ಇಟ್ಟುಕೊಳ್ಳಿ.

ದೀಪಾವಳಿ ಹತ್ತಿರ ಬಂದರೆ ಮುಂಬಯಿಯ ಮಾಹಿಮ್‌ನಲ್ಲಿ ಗೂಡುದೀಪ ಮಾರುವ ಕಂದೀಲ್ ಗಲ್ಲಿ ನೋಡಬೇಕು. ನಮ್ಮ ಮಂಗಳೂರು, ಉಡುಪಿ ಕಡೆಯವರು ಮುಂಬಯಿಯ ಬಾಲ್ಕನಿಯಲ್ಲೂ ಗೂಡುದೀಪ ಕಟ್ಟುತ್ತಾರೆ. 6 ಚೌಕ, 8 ತ್ರಿಕೋನ ತಗೊಂಡು, ಪ್ರತಿ ಅಂಚಿನ ಒಂದು ಕಡೆ ಚೌಕ, ಇನ್ನೊಂದು ಕಡೆ ತ್ರಿಕೋನ ಬರುವ ಹಾಗೆ ಜೋಡಿಸಿದರೆ ಆರ್ಕಿಮಿಡೀಸ್ ಹೆಸರಿನ 13 ಘನಾಕೃತಿಗಳಲ್ಲಿ ಒಂದು ಸಿಗುತ್ತದೆ. ಚೆಂದವೇ. ಆದರೆ ನನಗೆ ಕೊಂಬು ಬಂದ ಆಕಾರಗಳೇ ಇಷ್ಟ.

12 ಪಂಚಭುಜಗಳ ಒಂದು ಘನ ಇದೆಯಲ್ವಾ, ಡೋಡೆಕಾಹೆಡ್ರನ್. ಅದರ ಪ್ರತಿ ಮುಖದ ಮೇಲೂ ಚೂಪಾದ ಒಂದು ಕೊಂಬು ಬೆಳೆದಿದೆ ಅಂದುಕೊಳ್ಳಿ. ಇದನ್ನು ಗಣಿತದ ಆಕೃತಿಯಾಗಿ 1619ರಲ್ಲಿ ವಿವರಿಸಿದವನು ಕೆಪ್ಲರ್, ಗ್ರಹಗಳ ನಿಯಮ ಹೇಳಿದ ಅದೇ ಕೆಪ್ಲರ್. ಅವನಿಗಿಂತ ಮೊದಲೇ ವೆನಿಸ್‌ನ ಸಂತ ಮಾರ್ಕನ ಚರ್ಚಿನ ನೆಲದಲ್ಲಿ ಕಲ್ಲಿನ ಚೂರುಗಳಿಂದ ಇದರ ಚಿತ್ರ ಕೂರಿಸಿದ್ದರು.

ಕೆಪ್ಲರ್ ಇದನ್ನು ಕೊಂಬುಗಳ ಲೆಕ್ಕದಲ್ಲಿ ನೋಡಲಿಲ್ಲ. ಐದು ಮೊನೆಯ 12 ನಕ್ಷತ್ರಗಳು ಒಂದರೊಳಗೊಂದು ತೂರಿ ನಿಂತಿವೆ, ಅಷ್ಟೇ. ನಕ್ಷತ್ರದ ನಡುಭಾಗ ಕೊಂಬಿನ ಕೆಳಗೆ ಅಡಗುತ್ತದೆ, ಐದು ಮೊನೆ ಮಾತ್ರ ಹೊರಗೆ ಕಾಣುತ್ತದೆ. ಮಾದರಿ ಮಾಡುವವರ ಕೆಲಸ ಇಲ್ಲೇ ಶುರು: ಕಾಣದ ಭಾಗಕ್ಕೆ ಕಾಗದ ಬೇಡ. ಕಾಣುವುದು 60 ಮೊನೆ, ಅರವತ್ತೂ ಒಂದೇ ಅಳತೆಯ ತ್ರಿಕೋನ. ಕೋನಗಳು 36, 72, 72 ಡಿಗ್ರಿ. ಬುಡ 4 ಸೆಂಟಿಮೀಟರ್ ಇಟ್ಟರೆ ಉಳಿದ ಎರಡು ಬದಿ ಆರೂವರೆಗೆ ಕೂದಲೆಳೆಯಷ್ಟು ಕಡಿಮೆ. ಮಾದರಿಯ ಅಡ್ಡಗಲ ಸುಮಾರು 20 ಸೆಂಟಿಮೀಟರ್ ಬರುತ್ತದೆ. ಇದಕ್ಕಿಂತ ದೊಡ್ಡದು ಮಾಡಿ ಮುಂಬಯಿಯ ಒಂದು ಕೋಣೆಯ ಮನೆಯಲ್ಲಿ ಎಲ್ಲಿಡುತ್ತೀರಿ?

ಬಣ್ಣದ ವಿಷಯಕ್ಕೆ ಬರೋಣ, ನಿಜವಾದ ಮಜಾ ಇಲ್ಲಿದೆ. ಒಂದೇ ಬಣ್ಣದಲ್ಲಿ ಮಾಡಿದರೆ ಬರೀ ಮುಳ್ಳಿನ ಉಂಡೆ, ನಕ್ಷತ್ರಗಳು ಕಣ್ಣಿಗೆ ಬೀಳುವುದೇ ಇಲ್ಲ. ಆರು ಬಣ್ಣ ತಗೊಳ್ಳಿ, ಒಂದೊಂದರಲ್ಲಿ 10 ತ್ರಿಕೋನ. ಮೊದಲು ಬಿಳಿ ಕಾಗದದಲ್ಲಿ ಕೊಂಬಿಲ್ಲದ ಪುಟ್ಟ ಡೋಡೆಕಾಹೆಡ್ರನ್ ಮಾಡಿ, ಎದುರುಬದುರು ಮುಖಗಳಿಗೆ ಒಂದೇ ಬಣ್ಣ ಬರುವ ಹಾಗೆ ಆರು ಬಣ್ಣದ ಹೆಸರು ಬರೆದುಕೊಳ್ಳಿ. ಇದೇ ನಿಮ್ಮ ನಕ್ಷೆ. ನಿಯಮ ಒಂದೇ: ಕೊಂಬಿನ ಪ್ರತಿ ತ್ರಿಕೋನ ತನ್ನ ಬುಡಕ್ಕೆ ತಾಗಿದ ಪಕ್ಕದ ಮುಖದ ಬಣ್ಣ ಪಡೆಯುತ್ತದೆ, ತನ್ನ ಕೆಳಗಿನ ಮುಖದ ಬಣ್ಣ ಅಲ್ಲ. ಹಾಗಾಗಿ ಯಾವ ಕೊಂಬು ನೋಡಿದರೂ ಅದರಲ್ಲಿ ಐದು ಬಣ್ಣ ಇರುತ್ತವೆ, ಇಲ್ಲದ ಆರನೆಯದು ಅದರ ಅಡಿಯಲ್ಲಿ ಅಡಗಿರುವ ನಕ್ಷತ್ರದ ಬಣ್ಣ. ಎದುರುಗಡೆಯ ಕೊಂಬಿನಲ್ಲೂ ಅದೇ ಐದು, ಆದರೆ ಸುತ್ತುವ ದಿಕ್ಕು ಉಲ್ಟಾ. ತಪ್ಪಾಗಿದೆಯಾ ಅಂತ ನೋಡಲು ಇಷ್ಟು ಸಾಕು.

ಅಂತರ್ಜಾಲದಲ್ಲಿ ಸಿದ್ಧ ನಕ್ಷೆ ಮುದ್ರಿಸಿ, ಕತ್ತರಿಸಿ, ಮಡಚಿ ಮುಗಿಸಬಹುದು, ನಾನು ಬೇಡ ಅನ್ನಲ್ಲ, ಆದರೆ ಅದರಲ್ಲಿ ಯೋಚನೆ ಮಾಡಿದವರು ಬೇರೆ ಯಾರೋ ಆಗಿರುತ್ತಾರೆ.

ಕಾಗದ 160ರಿಂದ 200 ಜಿಎಸ್‌ಎಂ ಇರಲಿ, ಅಂದರೆ ಒಂದು ಚದರ ಮೀಟರ್ ಕಾಗದ ಅಷ್ಟು ಗ್ರಾಂ ತೂಗಬೇಕು. ಅಬ್ದುಲ್ ರೆಹಮಾನ್ ಸ್ಟ್ರೀಟ್‌ನ ಅಂಗಡಿಗಳಲ್ಲಿ ಕೇಳಿ ನೋಡಿ. ರಟ್ಟಿನ ಅಚ್ಚನ್ನು ಮೇಲಿಟ್ಟು ಮೂರು ಮೂಲೆಗೂ ಸೂಜಿ ಚುಚ್ಚಿದರೆ ಒಂದೇ ಸಲಕ್ಕೆ ನಾಲ್ಕೈದು ಹಾಳೆಗೆ ಗುರುತು ಬೀಳುತ್ತದೆ. ಸುತ್ತ ಅರ್ಧ ಸೆಂಟಿಮೀಟರ್ ಅಂಟುಪಟ್ಟಿ ಬಿಡಿ. ಮಡಿಸುವ ಗೆರೆಯ ಮೇಲೆ ಇಂಕು ಮುಗಿದ ಬಾಲ್‌ಪೆನ್ ಒತ್ತಿ ಎಳೆಯಿರಿ, ಇಲ್ಲದಿದ್ದರೆ ಅಂಚು ನೆಟ್ಟಗಿರಲ್ಲ. ಜೂನ್ ಬಂತು ಅಂದರೆ ಇಲ್ಲಿನ ಗಾಳಿಗೆ ಕಾಗದ ಮೆತ್ತಗಾಗಿ ಸೊಟ್ಟಗಾಗುತ್ತದೆ, ಫೆವಿಕಾಲ್ ಒಣಗುವುದೂ ತಡ. ಮಳೆಗಾಲದಲ್ಲಿ ಸುಮ್ನೆ ಕತ್ತರಿಸಿ ಡಬ್ಬದಲ್ಲಿ ಹಾಕಿಡಿ, ಅಂಟಿಸುವುದು ಆಮೇಲೆ. ಕೊನೆಯ ಕೊಂಬನ್ನು ಬಾಗಿಲಿನ ಹಾಗೆ ಮೊದಲು ಒಂದೇ ಅಂಚಿಗೆ ಅಂಟಿಸಿ, ಅದು ಗಟ್ಟಿಯಾದ ಮೇಲೆ ಉಳಿದ ನಾಲ್ಕಕ್ಕೂ ಅಂಟು ಹಚ್ಚಿ ಮುಚ್ಚಿ.

ಅಚ್ಚನ್ನು ಎಸೆಯಬೇಡಿ. ಅದೇ ತ್ರಿಕೋನ ಮತ್ತೆ 60 ಕತ್ತರಿಸಿ, ಐದೈದರ ಬದಲು ಮೂರ್ಮೂರು ಸೇರಿಸಿದರೆ 12 ಕೊಂಬಿನ ಜಾಗದಲ್ಲಿ 20 ಕೊಂಬು ಬರುತ್ತವೆ. ಇದು ಕೆಪ್ಲರ್ ವಿವರಿಸಿದ ಎರಡನೆಯ ಆಕೃತಿ, ಇಲ್ಲೂ 12 ನಕ್ಷತ್ರಗಳೇ, ಆರು ಬಣ್ಣವೇ. ಆದರೆ ಕೊಂಬುಗಳು ಜಾಸ್ತಿ ಸಪೂರ, ತುದಿಯೊಳಗೆ ಬೆರಳು ಹೋಗಲ್ಲ. ಒಂದು ಉದ್ದನೆಯ ಚಿಮುಟ ತಂದಿಟ್ಟುಕೊಂಡೇ ಶುರು ಮಾಡಿ. ನಮಸ್ಕಾರ.