ಬಾಸ್ಕೆಟ್‌ಬಾಲ್ ಭೂಮಿಯಾದರೆ ಚಂದ್ರ ಎಲ್ಲಿ? ಮ್ಯೂಸಿಯಂ ಹಬ್ಬದಲ್ಲಿ ಮಕ್ಕಳ ಜೊತೆ ಖಗೋಳ

[ದೃಶ್ಯ: ಮೇಜಿನ ಮೇಲೆ ಒಂದು ಬಾಸ್ಕೆಟ್‌ಬಾಲ್, ಒಂದು ಟೆನಿಸ್ ಚೆಂಡು.]

ನಮಸ್ಕಾರ. ಈ ಬಾಸ್ಕೆಟ್‌ಬಾಲ್ ನಮ್ಮ ಭೂಮಿ ಅಂದುಕೊಳ್ಳಿ. ಆಗ ಚಂದ್ರ ಹೆಚ್ಚುಕಮ್ಮಿ ಈ ಟೆನಿಸ್ ಚೆಂಡಿನಷ್ಟು ಇರುತ್ತಾನೆ. ಈಗ ಹೇಳಿ, ಇವನನ್ನು ಎಷ್ಟು ದೂರದಲ್ಲಿ ಇಡಬೇಕು? ವಿಡಿಯೋ ಒಂದು ಕ್ಷಣ ನಿಲ್ಲಿಸಿ. ಪಕ್ಕದಲ್ಲಿ ಮಕ್ಕಳಿದ್ದರೆ ಅವರನ್ನೇ ಕೇಳಿ.

[ದೃಶ್ಯ: ಒಂದು ಮಗು ಟೆನಿಸ್ ಚೆಂಡನ್ನು ಒಂದು ಗೇಣು ದೂರದಲ್ಲಿ ಹಿಡಿಯುತ್ತದೆ.]

ಹೆಚ್ಚಿನವರು ಇಲ್ಲೇ ಹಿಡಿಯುತ್ತಾರೆ. ಒಂದು ಗೇಣು, ಅಬ್ಬಬ್ಬಾ ಅಂದರೆ ಒಂದು ಮಾರು. ದೊಡ್ಡವರೂ ಅಷ್ಟೇ. ಪುಸ್ತಕದ ಚಿತ್ರಗಳಲ್ಲಿ ಭೂಮಿ, ಚಂದ್ರ ಅಕ್ಕಪಕ್ಕ ಇರುತ್ತವೆ. ಪುಟದಲ್ಲಿ ಜಾಗ ಇರೋದೇ ಅಷ್ಟು. ಆ ಚಿತ್ರ ತಲೆಯಲ್ಲಿ ಹಾಗೇ ಕೂತುಬಿಡುತ್ತದೆ.

ಈಗ ಒಂದು ದಾರ ತಗೊಳ್ಳಿ. ಬಾಸ್ಕೆಟ್‌ಬಾಲಿನ ನಡುವಿಗೆ ಒಂಬತ್ತೂವರೆ ಸುತ್ತು ಸುತ್ತಿ ಕತ್ತರಿಸಿ. ಒಂದು ತುದಿ ಭೂಮಿಯ ಹತ್ತಿರ ಇರಲಿ. ಇನ್ನೊಂದು ತುದಿ, ಟೆನಿಸ್ ಚೆಂಡು, ಎರಡನ್ನೂ ಮಗುವಿನ ಕೈಗೆ ಕೊಟ್ಟು ಹಿಂದಕ್ಕೆ ನಡೆಯಲು ಹೇಳಿ.

[ದೃಶ್ಯ: ಮಗು ಹಿಂದಕ್ಕೆ ನಡೆಯುತ್ತಾ ಹೋಗುತ್ತದೆ. ದಾರ ಬಿಗಿಯಾಗುತ್ತದೆ.]

ಏಳು ಮೀಟರಿಗೂ ಸ್ವಲ್ಪ ಜಾಸ್ತಿ! ನಿಜವಾದ ದೂರ ಸರಾಸರಿ 3,84,400 ಕಿಲೋಮೀಟರ್. ಸುಮಾರು 30 ಭೂಮಿಗಳನ್ನು ಸಾಲಾಗಿ ಇಟ್ಟಷ್ಟು. ಇದೇ ಲೆಕ್ಕದಲ್ಲಿ ಸೂರ್ಯ 26 ಮೀಟರ್ ಅಗಲದ ಚೆಂಡು. ಅದನ್ನು ಇಲ್ಲಿಂದ ಹೆಚ್ಚುಕಮ್ಮಿ 2.8 ಕಿಲೋಮೀಟರ್ ದೂರದಲ್ಲಿ ಇಡಬೇಕು.

ಮ್ಯೂಸಿಯಂಗಳಲ್ಲಿ ಖಗೋಳ ಹಬ್ಬ ನಡೆದಾಗ ಇಂಥ ಮೇಜುಗಳು ಹತ್ತಾರು ಇರುತ್ತವೆ. ಇವತ್ತಿನ ವಿಡಿಯೋ ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ. ಮೇಜಿನ ಹಿಂದೆ ನಿಂತು ತೋರಿಸುವವರಿಗೂ ಹೌದು. ನಾನು ಕೇಳಿಕೊಳ್ಳುವುದು ಒಂದೇ. ಉತ್ತರವನ್ನು ಮೊದಲು ಹೇಳಬೇಡಿ. ಮಗು ಊಹಿಸಲಿ, ಆಮೇಲೆ ಕೈಯಿಂದ ಮಾಡಿ ನೋಡಲಿ. ಚೆಂಡು ಹಿಡಿದು ಏಳು ಮೀಟರ್ ಹಿಂದೆ ನಡೆದ ಮಗುವಿಗೆ ಆ ದೂರ ಮರೆಯುವುದಿಲ್ಲ. ನಾವು ಬಾಯಲ್ಲಿ ಹೇಳಿದ ಸಂಖ್ಯೆ ಸಂಜೆಯೊಳಗೆ ಮರೆತುಹೋಗುತ್ತದೆ.

[ದೃಶ್ಯ: ಕತ್ತಲೆ ಕೋಣೆ. ನಡುವೆ ಒಂದು ಬಲ್ಬ್. ಕಡ್ಡಿಗೆ ಚುಚ್ಚಿದ ಬಿಳಿ ಚೆಂಡು.]

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಈ ಕೋಣೆ. ಬಲ್ಬ್ ಸೂರ್ಯ. ಕಡ್ಡಿಯ ಮೇಲಿನ ಚೆಂಡು ಚಂದ್ರ. ಭೂಮಿ ಯಾವುದು ಗೊತ್ತಾ? ನಿಮ್ಮ ತಲೆ!

ಮೊದಲು ಕೇಳಿ: ಚಂದ್ರ ಯಾಕೆ ಕರಗುತ್ತಾನೆ? ತುಂಬಾ ಜನ "ಭೂಮಿಯ ನೆರಳು ಬೀಳುತ್ತೆ" ಅನ್ನುತ್ತಾರೆ. ಸರಿ, ತಿದ್ದಬೇಡಿ. ಕೈ ಚಾಚಿ, ಚೆಂಡನ್ನು ಬಲ್ಬಿನ ಕಡೆ ಹಿಡಿಯಲು ಹೇಳಿ. ನಮ್ಮ ಕಡೆಯ ಮೈ ಪೂರ್ತಿ ಕಪ್ಪು. ಇದು ಅಮಾವಾಸ್ಯೆ. ಚೆಂಡಿನ ಮೇಲೆ ಕಣ್ಣಿಟ್ಟು ಮೆಲ್ಲಗೆ ಎಡಕ್ಕೆ ತಿರುಗಿ. ಬಲ ಅಂಚಿನಲ್ಲಿ ತೆಳ್ಳಗೆ ಬೆಳಕಿನ ಗೆರೆ ಬಂತು, ಬಿದಿಗೆ ಚಂದ್ರ. ಇನ್ನೂ ತಿರುಗಿ. ಬಲ್ಬ್ ನಿಮ್ಮ ಬಲಕ್ಕೆ ಬಂದಾಗ ಚಂದ್ರ ಅರ್ಧ. ಬಲ್ಬಿಗೆ ಬೆನ್ನು ಹಾಕಿ, ಚೆಂಡನ್ನು ತಲೆಗಿಂತ ಸ್ವಲ್ಪ ಮೇಲೆತ್ತಿ. ಹುಣ್ಣಿಮೆ.

ಇಲ್ಲಿಯವರೆಗೆ ತಲೆಯ ನೆರಳು ಚೆಂಡನ್ನು ಮುಟ್ಟಿಯೇ ಇಲ್ಲ ಅಲ್ವಾ? ಅದನ್ನು ಮಕ್ಕಳು ತಾವೇ ಹೇಳುತ್ತಾರೆ, ಸ್ವಲ್ಪ ಕಾಯಿರಿ. ಚಂದ್ರನ ಅರ್ಧ ಮೈ ಯಾವಾಗಲೂ ಬೆಳಗುತ್ತಲೇ ಇತ್ತು. ನಾವು ನೋಡುವ ಕೋನ ಬದಲಾಯಿತು, ಅಷ್ಟೇ. ಆಕಾಶದಲ್ಲಿ ಈ ಒಂದು ಸುತ್ತಿಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ ಬೇಕು.

ಈಗ ಹುಣ್ಣಿಮೆಯ ಚೆಂಡನ್ನು ಸುಮ್ನೆ ಒಂದಿಷ್ಟು ಕೆಳಗಿಳಿಸಿ. ತಲೆಯ ನೆರಳು ಅದರ ಮೇಲೆ ಬಿತ್ತು. ಚಂದ್ರಗ್ರಹಣ! ಹಾಗಾದರೆ ಪ್ರತಿ ಹುಣ್ಣಿಮೆಗೂ ಗ್ರಹಣ ಯಾಕಿಲ್ಲ? ಉತ್ತರ ಆಗಲೇ ಕೈಯಲ್ಲಿದೆ. ಚೆಂಡನ್ನು ಮೇಲೆತ್ತಿದ್ದಿರಿ. ಚಂದ್ರನ ದಾರಿಯೂ ಸುಮಾರು 5 ಡಿಗ್ರಿ ಓರೆ ಇದೆ. ಹಾಗಾಗಿ ಅವನು ಹೆಚ್ಚಿನ ಸಲ ನೆರಳಿನ ಮೇಲಿಂದಲೋ ಕೆಳಗಿಂದಲೋ ದಾಟಿ ಹೋಗುತ್ತಾನೆ.

[ದೃಶ್ಯ: ಅಗಲವಾದ ಟ್ರೇ. ಹಿಟ್ಟು, ಅದರ ಮೇಲೆ ಕಂದು ಪುಡಿಯ ತೆಳು ಪದರ. ಗೋಲಿಗಳು.]

ಎಲ್ಲಕ್ಕಿಂತ ಜಾಸ್ತಿ ಗುಂಪು ಸೇರುವುದು ಈ ಟ್ರೇ ಮುಂದೆ. ಗೋಲಿಯನ್ನು ಮೊಣಕಾಲೆತ್ತರದಿಂದ ಬಿಡಿ. ಆಮೇಲೆ ಭುಜದ ಎತ್ತರದಿಂದ. ಎರಡೂ ಗುಂಡಿಗಳನ್ನು ಸ್ಕೇಲಿನಲ್ಲಿ ಅಳೆಯಿರಿ. ಮೇಲಿಂದ ಬಿದ್ದಾಗ ಗುಂಡಿ ದೊಡ್ಡದು. ಒಳಗಿನ ಬಿಳಿ ಹಿಟ್ಟು ಸುತ್ತಲೂ ಚಿಮ್ಮಿ, ಕಂದು ಮೇಲ್ಮೈ ಮೇಲೆ ಕಿರಣದಂಥ ಗೆರೆಗಳು ಮೂಡುತ್ತವೆ. ಹುಣ್ಣಿಮೆಯ ರಾತ್ರಿ ದುರ್ಬೀನಿನಲ್ಲಿ ಚಂದ್ರನ ಟೈಕೋ ಕುಳಿ ನೋಡಿ. 85 ಕಿಲೋಮೀಟರ್ ಅಗಲದ ಆ ಕುಳಿಯ ಸುತ್ತ ಇಂಥದೇ ಗೆರೆಗಳಿವೆ.

ಆದರೆ ಗೋಲಿ ಎಲ್ಲವನ್ನೂ ಸರಿಯಾಗಿ ತೋರಿಸುವುದಿಲ್ಲ. ಅದನ್ನೂ ಮಕ್ಕಳಿಗೆ ಹೇಳಬೇಕು. ಇಲ್ಲಿ ಗೋಲಿ ಗುಂಡಿಯಲ್ಲೇ ಕೂತಿದೆ. ನಿಜವಾದ ಉಲ್ಕಾಪಿಂಡ ಸೆಕೆಂಡಿಗೆ ಹತ್ತಿಪ್ಪತ್ತು ಕಿಲೋಮೀಟರ್ ವೇಗದಲ್ಲಿ ಅಪ್ಪಳಿಸುತ್ತದೆ. ಅದು ಬಾಂಬಿನಂತೆ ಸಿಡಿಯುತ್ತದೆ. ಬಂದ ಕಲ್ಲು ಬಹುಪಾಲು ಉಳಿಯುವುದೇ ಇಲ್ಲ. ಅಮೆರಿಕದ ಅರಿಜೋನಾದಲ್ಲಿರುವ ಬ್ಯಾರಿಂಜರ್ ಕುಳಿ ಸುಮಾರು 50,000 ವರ್ಷ ಹಿಂದೆ ಆದದ್ದು. ಕುಳಿಯ ಅಗಲ ಸುಮಾರು 1.2 ಕಿಲೋಮೀಟರ್. ಅದನ್ನು ಮಾಡಿದ ಕಬ್ಬಿಣದ ತುಂಡು ಸುಮಾರು 50 ಮೀಟರ್ ಅಷ್ಟೇ.

[ದೃಶ್ಯ: ಉದ್ದನೆಯ ಕಾಗದದ ಪಟ್ಟಿ, ಮಡಚುತ್ತಿರುವ ಕೈಗಳು.]

ಜನ ಜಾಸ್ತಿ ಇದ್ದಾಗ ಈ ಕಾಗದದ ಪಟ್ಟಿ ಒಳ್ಳೆಯದು. ಎರಡೇ ನಿಮಿಷದ ಕೆಲಸ. ಒಂದು ತುದಿ ಸೂರ್ಯ, ಇನ್ನೊಂದು ಪ್ಲೂಟೊ. ಅರ್ಧಕ್ಕೆ ಮಡಚಿ, ಅಲ್ಲಿ ಯುರೇನಸ್. ಯುರೇನಸ್, ಪ್ಲೂಟೊ ನಡುವೆ ನೆಪ್ಚೂನ್. ಸೂರ್ಯನ ಕಡೆ ಮತ್ತೆ ಅರ್ಧ ಮಡಚಿದರೆ ಶನಿ, ಮತ್ತೆ ಅರ್ಧಕ್ಕೆ ಗುರು, ಮತ್ತೆ ಅರ್ಧಕ್ಕೆ ಕ್ಷುದ್ರಗ್ರಹಗಳ ಪಟ್ಟಿ, ಇನ್ನೊಮ್ಮೆ ಮಡಚಿದರೆ ಮಂಗಳ. ಬುಧ, ಶುಕ್ರ, ಭೂಮಿ ಮೂವರೂ ಉಳಿದ ಚೂರು ಜಾಗದಲ್ಲಿ ಒತ್ತಿಕೊಂಡು ಕೂರಬೇಕು! ಪಟ್ಟಿ ಮಗುವಿನ ಜೇಬಿನಲ್ಲಿ ಮನೆಗೆ ಹೋಗುತ್ತದೆ.

[ದೃಶ್ಯ: ಹೊರಗೆ, ಬಿಸಿಲು. ಮರದ ಕೆಳಗೆ ನೆಲದ ಮೇಲೆ ದುಂಡನೆಯ ಬೆಳಕಿನ ಚುಕ್ಕೆಗಳು.]

ಬಿಸಿಲಿದ್ದರೆ ಸೂರ್ಯನನ್ನೇ ಅಳೆಯಬಹುದು. ಅದಕ್ಕೂ ಮೊದಲು ಎಚ್ಚರಿಕೆ. ಸೂರ್ಯನನ್ನು ನೇರವಾಗಿ ನೋಡಬೇಡಿ. ಕೂಲಿಂಗ್ ಗ್ಲಾಸ್, ಎಕ್ಸ್-ರೇ ಹಾಳೆ, ಸಿಡಿ ಯಾವುದೂ ಕಣ್ಣನ್ನು ಕಾಯುವುದಿಲ್ಲ. ಸೌರ ಕನ್ನಡಕದ ಮೇಲೆ ಐಎಸ್‌ಒ 12312-2 ಗುರುತು ಇರಬೇಕು. ಆ ಕನ್ನಡಕ ಹಾಕಿಕೊಂಡು ಟೆಲಿಸ್ಕೋಪಿನಲ್ಲಿ ಇಣುಕಲೇಬಾರದು. ಟೆಲಿಸ್ಕೋಪಿಗೆ ಬೇರೆಯೇ ಫಿಲ್ಟರ್ ಬೇಕು, ಅದೂ ಮುಂದಿನ ಬಾಯಿಗೆ.

ಎಲೆಗಳ ಸಂದಿಯಿಂದ ನೆಲಕ್ಕೆ ಬಿದ್ದ ಈ ಚುಕ್ಕೆಗಳು ಯಾಕೆ ದುಂಡಗಿವೆ? ಸಂದಿಗಳು ದುಂಡಗಿಲ್ಲವಲ್ಲ! ಇವೆಲ್ಲ ಸೂರ್ಯನ ಚಿತ್ರಗಳು. ರಟ್ಟಿನಲ್ಲಿ ಪಿನ್ನಿನಿಂದ ಒಂದು ಸಣ್ಣ ತೂತು ಮಾಡಿ. ಸೂರ್ಯನಿಗೆ ಬೆನ್ನು ಹಾಕಿ ನಿಂತು, ತೂತಿನಿಂದ ಸರಿಯಾಗಿ ಒಂದು ಮೀಟರ್ ದೂರದಲ್ಲಿ ಬಿಳಿ ಕಾಗದ ಹಿಡಿಯಿರಿ. ಅದರ ಮೇಲೆ ಬಿದ್ದ ಬೆಳಕಿನ ಚುಕ್ಕೆಯನ್ನು ಮಗು ಸ್ಕೇಲಿನಲ್ಲಿ ಅಳೆಯಲಿ.

[ದೃಶ್ಯ: ಸ್ಕೇಲ್ ಪಕ್ಕದಲ್ಲಿ ಸಣ್ಣ ಬೆಳಕಿನ ಚುಕ್ಕೆ.]

ಸುಮಾರು 9 ಮಿಲಿಮೀಟರ್. ಒಂದು ಮೀಟರಿಗೆ 9 ಮಿಲಿಮೀಟರ್ ಅಂದರೆ ಸಾವಿರಕ್ಕೆ ಒಂಬತ್ತು. ಸೂರ್ಯ ಇರುವುದು 15 ಕೋಟಿ ಕಿಲೋಮೀಟರ್ ದೂರದಲ್ಲಿ. ಅದರಲ್ಲಿ ಸಾವಿರಕ್ಕೆ ಒಂಬತ್ತು ಅಂದರೆ ಹದಿಮೂರೂವರೆ ಲಕ್ಷ ಕಿಲೋಮೀಟರ್. ಸೂರ್ಯನ ನಿಜವಾದ ಅಗಲ ಸುಮಾರು 13.9 ಲಕ್ಷ. ಒಂದು ಪಿನ್ನು, ಒಂದು ಸ್ಕೇಲು ಹಿಡಿದು ಒಂದು ಮಗು ಇಷ್ಟು ಹತ್ತಿರ ಬಂದಿದೆ ನೋಡಿ! ಆ ಲೆಕ್ಕವನ್ನು ನೀವು ಮಾಡಿಕೊಡಬೇಡಿ. ತಡವಾದರೂ ಪರವಾಗಿಲ್ಲ, ಪೆನ್ಸಿಲ್ ಅವರ ಕೈಯಲ್ಲೇ ಇರಲಿ.

[ದೃಶ್ಯ: ಸಂಜೆ. ಟೆಲಿಸ್ಕೋಪ್ ಮುಂದೆ ಸಾಲು.]

ಸಂಜೆ ಟೆಲಿಸ್ಕೋಪಿನ ಸಾಲು ಉದ್ದ ಇರುತ್ತದೆ. ಮಕ್ಕಳಿಗೆ ಒಂದು ಸಣ್ಣ ಸ್ಟೂಲ್ ಇಟ್ಟಿರಿ. ಕೊಳವೆ ಹಿಡಿದು ಜೋತು ಬೀಳದಂತೆ ಮೊದಲೇ ಹೇಳಿ. ಗುರು ಕಂಡರೆ ಪಕ್ಕದಲ್ಲಿ ಎಷ್ಟು ಚುಕ್ಕೆ ಇವೆ ಎಂದು ಕೇಳಿ. 1610ರ ಜನವರಿಯಲ್ಲಿ ಗೆಲಿಲಿಯೊ ಎಣಿಸಿದ್ದು ಅದೇ ನಾಲ್ಕು ಚಂದ್ರರನ್ನು.

ಕೊನೆಗೆ, ಆ ಕಡ್ಡಿಯ ಚೆಂಡನ್ನು ಮನೆಗೆ ತಗೊಂಡು ಹೋಗಿ. ಒಂದು ದಿನ ಹಗಲಲ್ಲೇ ಅರ್ಧಚಂದ್ರ ಕಾಣುತ್ತಾನೆ. ಅವನು ಬೆಳೆಯುವ ದಿನಗಳಲ್ಲಿ ಮಧ್ಯಾಹ್ನದ ಮೇಲೆ, ಕರಗುವ ದಿನಗಳಲ್ಲಿ ಬೆಳಗ್ಗೆ. ಆಗ ಬಿಸಿಲಲ್ಲಿ ನಿಂತು, ಚೆಂಡನ್ನು ಚಂದ್ರನ ಪಕ್ಕಕ್ಕೇ ಹಿಡಿಯಿರಿ.

[ದೃಶ್ಯ: ನೀಲಿ ಆಕಾಶದಲ್ಲಿ ಅರ್ಧಚಂದ್ರ. ಪಕ್ಕದಲ್ಲಿ ಕಡ್ಡಿಯ ಮೇಲಿನ ಚೆಂಡು, ಅದೇ ಬದಿ ಬೆಳಗಿದೆ, ಅಷ್ಟೇ ಬೆಳಗಿದೆ.]