ಕ್ಯೂಪಿ ಗೊಂಬೆಯ ಹಿಂದಿದ್ದ ಕಾರ್ಟೂನಿಸ್ಟ್

ನಮಸ್ಕಾರ. ಇವತ್ತು ಸ್ವಲ್ಪ ಜಗಳ ಆಡುವ ಮನಸ್ಸಿದೆ. ಯಾರ ಜೊತೆ ಅಂದರೆ, ರೋಸ್ ಓನೀಲ್ ಅನ್ನುವ ಹೆಸರು ಬಂದ ತಕ್ಷಣ 'ಓಹೋ, ಆ ಕ್ಯೂಪಿ ಗೊಂಬೆ ಮಾಡಿದಾಕೆ' ಅಂತ ಹೇಳಿ ಪುಟ ತಿರುಗಿಸುವವರ ಜೊತೆ.

ಕ್ಯೂಪಿ ಯಾವುದು ಅಂತ ಗೊತ್ತಾಗಲಿಲ್ಲವಾ? ಜಪಾನಿನ ಮಯೋನೈಸ್ ಪ್ಯಾಕೆಟ್ ಮೇಲೆ ಇರುವ ಮಗು. ದುಂಡು ಹೊಟ್ಟೆ, ನೆತ್ತಿಯ ಮೇಲೆ ಒಂದೇ ಒಂದು ಚೂಪು ಜುಟ್ಟು. 1925ರಿಂದ ಆ ಹೆಸರಿನಲ್ಲಿ ಮಯೋನೈಸ್ ಮಾರಾಟ ಆಗುತ್ತಿದೆ. ಮಗು ಮಾತ್ರ ಅದಕ್ಕಿಂತ ಹಳೆಯದು, ಅದೂ ಅಮೆರಿಕದ್ದು. ಅದನ್ನು ಬರೆದವಳು ಗೊಂಬೆ ಮಾಡುವವಳಲ್ಲ, ವ್ಯಂಗ್ಯಚಿತ್ರ ಬರೆಯುವವಳು. ಇಷ್ಟನ್ನು ಒಪ್ಪಿಕೊಂಡರೆ ಸಾಕು, ಆಕೆಯ ಬದುಕಿನ ಅರ್ಧ ಗೋಜಲು ತಾನಾಗಿ ಬಿಡಿಸಿಕೊಳ್ಳುತ್ತದೆ ಅಂತ ನನ್ನ ವಾದ.

ರೋಸ್ ಹುಟ್ಟಿದ್ದು 1874ರಲ್ಲಿ, ಪೆನ್ಸಿಲ್ವೇನಿಯಾದ ವಿಲ್ಕ್ಸ್-ಬ್ಯಾರಿಯಲ್ಲಿ. ಅಪ್ಪನದು ಪುಸ್ತಕದ ವ್ಯಾಪಾರ. ಪುಸ್ತಕದ ಮೇಲಿದ್ದ ಪ್ರೀತಿ ವ್ಯಾಪಾರದ ಮೇಲೆ ಇರಲಿಲ್ಲ. ಮನೆಯಲ್ಲಿ ಷೇಕ್ಸ್‌ಪಿಯರ್ ಇದ್ದ, ದುಡ್ಡು ಇರಲಿಲ್ಲ. ಕುಟುಂಬ ಗಾಡಿ ಕಟ್ಟಿಕೊಂಡು ನೆಬ್ರಾಸ್ಕಾ ಕಡೆ ಹೋಯಿತು. ಹುಡುಗಿ ಕಲಾಶಾಲೆಯ ಮೆಟ್ಟಿಲು ಹತ್ತಲಿಲ್ಲ. ಅಪ್ಪನ ಪುಸ್ತಕಗಳಲ್ಲಿದ್ದ ಚಿತ್ರಗಳನ್ನು ನೋಡಿ ನೋಡಿ ಕೈ ಕುದುರಿಸಿಕೊಂಡಳು.

ನೆಬ್ರಾಸ್ಕಾದ ಒಮಾಹಾ ಊರಿನ ಒಂದು ಪತ್ರಿಕೆ ಮಕ್ಕಳಿಗೆ ಚಿತ್ರ ಸ್ಪರ್ಧೆ ಇಟ್ಟಿತು. ಹದಿಮೂರರ ರೋಸ್ ಒಂದು ಚಿತ್ರ ಕಳಿಸಿದಳು. ಚಿತ್ರದ ವಿಷಯ ಏನು ಗೊತ್ತಾ? ಆಸೆ ಅನ್ನುವುದು ಮನುಷ್ಯನನ್ನು ಪ್ರಪಾತಕ್ಕೆ ಎಳೆದುಕೊಂಡು ಹೋಗುವುದು. ಹದಿಮೂರು ವರ್ಷಕ್ಕೆ! ತೀರ್ಪುಗಾರರು ನಂಬಲಿಲ್ಲ. ಎಲ್ಲಿಂದಲೋ ನಕಲು ಹೊಡೆದಿದ್ದಾಳೆ ಅಂತ ಅನುಮಾನ ಪಟ್ಟು ಕರೆಸಿದರು, 'ನಮ್ಮ ಮುಂದೆ ಬರಿ' ಅಂದರು. ಆಕೆ ಕೂತು ಬರೆದಳು. ಬಹುಮಾನ ಬಂತು. ಅಲ್ಲಿಂದ ಆಚೆಗೆ ಆ ಕೈ ಸುಮ್ನೆ ಕೂರಲಿಲ್ಲ, ಊರಿನ ಪತ್ರಿಕೆಗಳಿಗೆ ಚಿತ್ರ ಕೊಟ್ಟು ಮನೆಗೆ ನಾಲ್ಕು ಕಾಸು ತರಲು ಶುರು ಮಾಡಿತು.

1893ರಲ್ಲಿ ನ್ಯೂಯಾರ್ಕಿಗೆ ಹೊರಟಳು. ವಯಸ್ಸು ಹತ್ತೊಂಬತ್ತು. ಒಂಟಿ ಹುಡುಗಿ ದೊಡ್ಡ ಊರಿನಲ್ಲಿ ಇರುವುದು ಹೇಗೆ ಅಂತ ಮನೆಯವರು ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಬಿಟ್ಟರು. ಸಂಪಾದಕರನ್ನು ಕಾಣಲು ಹೋಗುವಾಗ ಒಬ್ಬ ಸನ್ಯಾಸಿನಿ ಜೊತೆಗೆ ಹೋಗಬೇಕು. ಹಾಸ್ಯ ಪತ್ರಿಕೆಯ ಕಚೇರಿ, ಮೇಜಿನ ಆ ಕಡೆ ಸಂಪಾದಕ, ಈ ಕಡೆ ಚಿತ್ರಗಳ ಕಟ್ಟು ಹಿಡಿದ ಹುಡುಗಿ, ಪಕ್ಕದಲ್ಲಿ ಕಪ್ಪು ನಿಲುವಂಗಿಯ ಸನ್ಯಾಸಿನಿ. ಈ ದೃಶ್ಯವೇ ಒಂದು ಕಾರ್ಟೂನು, ಅಲ್ವಾ? ಚಿತ್ರಗಳು ಮಾರಾಟವಾದವು, ಅದೂ ಬೇಗ.

1896ರ ಸೆಪ್ಟೆಂಬರಿನಲ್ಲಿ 'ಟ್ರೂತ್' ಅನ್ನುವ ಪತ್ರಿಕೆಯಲ್ಲಿ ಆಕೆಯ ಒಂದು ಚಿತ್ರಸರಣಿ ಬಂತು, ಪತ್ರಿಕೆಯ ಕಚೇರಿಗೆ ಬರುವ ಹಳೇ ಚಂದಾದಾರನ ಪ್ರಸಂಗ. ಅಮೆರಿಕದಲ್ಲಿ ಹೆಂಗಸೊಬ್ಬಳು ಬರೆದು ಅಚ್ಚಾದ ಮೊದಲ ಕಾಮಿಕ್ ಸ್ಟ್ರಿಪ್ ಅಂತ ಅದನ್ನು ಗುರುತಿಸುತ್ತಾರೆ. ಕಾಮಿಕ್ಸ್ ಅನ್ನುವ ಪ್ರಕಾರವೇ ಆಗ ಕಣ್ಣು ಬಿಡುತ್ತಿತ್ತು. ಅಂದರೆ ಈಕೆ ಆಮೇಲೆ ಬಂದು ಸೇರಿಕೊಂಡವಳಲ್ಲ, ಬಾಗಿಲು ತೆಗೆಯುವಾಗಲೇ ಅಲ್ಲಿದ್ದವಳು.

ಮಾರನೇ ವರ್ಷ 'ಪಕ್' ಸೇರಿದಳು. ಆಗಿನ ಅಮೆರಿಕದ ದೊಡ್ಡ ಹಾಸ್ಯ ವಾರಪತ್ರಿಕೆ ಅದು. ಚಿತ್ರಕಾರರ ಗುಂಪಿನಲ್ಲಿ ಹೆಂಗಸು ಅಂದರೆ ಈಕೆ ಒಬ್ಬಳೇ. ಚಿತ್ರದ ಮೂಲೆಯಲ್ಲಿ ಸಿ.ಆರ್.ಓ. ಅಂತ ಸಹಿ, ಅಥವಾ ಬರೀ ಓನೀಲ್. ಓದುವವರಿಗೆ ಇದು ಗಂಡಸೋ ಹೆಂಗಸೋ ತಿಳಿಯಬಾರದು. ಹೀಗೆ ಏಳುನೂರಕ್ಕೂ ಹೆಚ್ಚು ಚಿತ್ರ ಬರೆದಳು. ಏಳುನೂರು! ಬೆಂಗಳೂರಿನಲ್ಲಿ ಕೂತು ರಾಜಕೀಯ ವ್ಯಂಗ್ಯಚಿತ್ರ ಬರೆದ ಹೆಂಗಸರ ಹೆಸರು ಹೇಳಿ ಅಂದರೆ ಮಾಯಾ ಕಾಮತ್ ಅನ್ನುತ್ತೇವೆ, ಆಮೇಲೆ ತಡವರಿಸುತ್ತೇವೆ. ಅವರು ಬಂದದ್ದು 1980ರ ದಶಕದಲ್ಲಿ. ರೋಸ್ ಇನ್ನೂ ವಿಕ್ಟೋರಿಯಾ ರಾಣಿ ಬದುಕಿದ್ದಾಗಲೇ ವಾರವಾರ ಅಚ್ಚಾಗುತ್ತಿದ್ದಳು.

ಆ ಚಿತ್ರಗಳ ಬಗ್ಗೆ ಸ್ವಲ್ಪ ಹೇಳಬೇಕು. ಆಗಿನ ಹಾಸ್ಯಚಿತ್ರದ ಕ್ರಮ ಸರಳ. ಮೇಲೆ ಒಂದು ದೃಶ್ಯ, ಕೆಳಗೆ ಇಬ್ಬರ ಮಾತು ಎರಡು ಸಾಲು. ನಗು ಬರಬೇಕಾದ್ದು ಆ ಎರಡು ಸಾಲಿನಿಂದ. ಚಿತ್ರ ಬರೀ ಅಲಂಕಾರ. ರೋಸ್ ಬರೆದದ್ದು ಹಾಗಲ್ಲ. ಆಕೆಯ ಗೆರೆ ದಪ್ಪಗೆ, ಉದ್ದಕ್ಕೆ, ಬಳುಕುತ್ತಾ ಹೋಗುತ್ತದೆ. ಒಂದು ಲಂಗದ ಅಂಚು, ಒಂದು ಭುಜ, ಎಲ್ಲ ಒಂದೇ ಉಸಿರಿನಲ್ಲಿ ಎಳೆದ ಹಾಗೆ. ಮುಖಗಳನ್ನು ನೋಡಿ. ಮಾತಾಡುವವನ ಮುಖಕ್ಕಿಂತ ಕೇಳಿಸಿಕೊಳ್ಳುವವಳ ಮುಖದಲ್ಲಿ ಜಾಸ್ತಿ ಕೆಲಸ ಇರುತ್ತದೆ. ಕೆಳಗಿನ ಜೋಕು ಇವತ್ತು ಹಳಸಿಹೋಗಿದೆ. ಮೇಲಿನ ಮುಖ ಹಳಸಿಲ್ಲ.

ಒಂದು ಮಾತು ಮುಚ್ಚಿಡುವುದು ಬೇಡ. ಐರಿಶ್ ವಲಸಿಗರನ್ನು, ಕಪ್ಪು ಜನರನ್ನು ಹಂಗಿಸುವ ಜೋಕುಗಳು ಆ ಪತ್ರಿಕೆಯಲ್ಲಿ ಮಾಮೂಲು. ಅಂಥವಕ್ಕೆ ಈಕೆಯೂ ಚಿತ್ರ ಬರೆದಿದ್ದಾಳೆ. ಅವನ್ನು ನೋಡಿದರೆ ಇವತ್ತು ಮುಜುಗರ ಆಗುತ್ತದೆ, ಆಗಬೇಕು ಕೂಡ.

ಇನ್ನು ಗಂಡಂದಿರ ವಿಷಯ. 1896ರಲ್ಲಿ ಮೊದಲ ಮದುವೆ, ಗ್ರೇ ಲೇಥಮ್ ಜೊತೆ. ಚೆಲುವ, ಶೋಕಿಲಾಲ. ಆತ ಮಾಡುತ್ತಿದ್ದ ಕೆಲಸ ಏನು ಅಂದರೆ, ಹೆಂಡತಿಗಿಂತ ಮೊದಲು ಪ್ರಕಾಶಕರ ಕಚೇರಿಗೆ ಹೋಗಿ ಹೆಂಡತಿಯ ಸಂಭಾವನೆ ತೆಗೆದುಕೊಂಡು ಖರ್ಚು ಮಾಡುವುದು. ಆಕೆ ಹೋದಾಗ 'ನಿಮ್ಮ ಯಜಮಾನರು ಬಂದು ತೆಗೆದುಕೊಂಡು ಹೋದರಲ್ಲ' ಅನ್ನುವ ಉತ್ತರ. ಇನ್ನೊಂದು ತಮಾಷೆ ನೋಡಿ, ಮದುವೆಯಾದ ಮೇಲೆ ಎಷ್ಟೋ ಚಿತ್ರಗಳ ಕೆಳಗೆ ಓನೀಲ್ ಲೇಥಮ್ ಅಂತ ಸಹಿ. ಗೆರೆ ಎಳೆದವಳು ಈಕೆ, ಹೆಸರಿನಲ್ಲೂ ಹಣದಲ್ಲೂ ಪಾಲು ಆತನಿಗೆ. 1901ರಲ್ಲಿ ವಿಚ್ಛೇದನ. ಮುಂದೆ 1902ರಲ್ಲಿ ಪಕ್ ಪತ್ರಿಕೆಯ ಸಂಪಾದಕನೇ ಆಗಿದ್ದ ಹ್ಯಾರಿ ಲಿಯಾನ್ ವಿಲ್ಸನ್ ಜೊತೆ ಇನ್ನೊಂದು ಮದುವೆ. ಆತನ ಕಾದಂಬರಿಗೆ ಈಕೆ ಚಿತ್ರ ಬರೆದಳು, ತಾನೂ ಕಾದಂಬರಿ ಬರೆದಳು. ಆತ ಮುಖ ಗಂಟು ಹಾಕಿಕೊಂಡು ಕೂರುವ ಆಸಾಮಿ, ಈಕೆ ಮಾತಿನ ಮಲ್ಲಿ. 1907ಕ್ಕೆ ಅದೂ ಮುಗಿಯಿತು. ಮೂರನೇ ಸಲ ಆ ಗೋಜಿಗೆ ಹೋಗಲಿಲ್ಲ.

ಹೋದದ್ದು ತವರಿಗೆ. ತವರು ಈಗ ನೆಬ್ರಾಸ್ಕಾದಲ್ಲಿ ಅಲ್ಲ. ಮಿಸೌರಿಯ ಓಝಾರ್ಕ್ ಗುಡ್ಡಗಾಡಿನಲ್ಲಿ, ಬ್ರಾನ್ಸನ್ ಹತ್ತಿರ, ಕಾಡಿನ ನಡುವೆ ಒಂದು ಹೊಳೆ. ಅದರ ಪಕ್ಕ ಆಕೆ ಕಳಿಸಿದ ದುಡ್ಡಿನಲ್ಲೇ ಎದ್ದ ಹದಿನಾಲ್ಕು ಕೋಣೆಯ ಮನೆ. ಹೆಸರು ಬಾನಿಬ್ರೂಕ್. ಪ್ರೇಮಕಥೆಗಳ ತಲೆಬರಹಕ್ಕೆ ಆಕೆ ಪುಟ್ಟ ಪುಟ್ಟ ಮನ್ಮಥ ಮಕ್ಕಳನ್ನು ಬರೆಯುತ್ತಿದ್ದಳು. ಆ ಮಕ್ಕಳು ಒಂದು ದಿನ ಕನಸಿನಲ್ಲಿ ಬಂದು ಹಾಸಿಗೆ ಮೇಲೆಲ್ಲ ಲಾಗ ಹಾಕಿದವು ಅಂತ ಆಕೆಯೇ ಹೇಳಿಕೊಂಡಿದ್ದಾಳೆ. 'ಲೇಡೀಸ್ ಹೋಮ್ ಜರ್ನಲ್' ಸಂಪಾದಕ ಎಡ್ವರ್ಡ್ ಬಾಕ್ ಮಾತ್ರ ಕನಸಿನ ಮನುಷ್ಯನಲ್ಲ. ಆ ಮಕ್ಕಳನ್ನೇ ಇಟ್ಟುಕೊಂಡು ಒಂದು ಸರಣಿ ಮಾಡು ಅಂದ. 1909ರ ಡಿಸೆಂಬರ್ ಸಂಚಿಕೆಯಲ್ಲಿ ಕ್ಯೂಪಿಗಳು ಮೊದಲ ಸಲ ಕಾಣಿಸಿಕೊಂಡವು. ಪದ್ಯ, ಚಿತ್ರ ಎರಡೂ ಆಕೆಯದೇ.

ಗೊಂಬೆ ಬಂದದ್ದು ಆಮೇಲೆ, 1913ರಲ್ಲಿ. ಜರ್ಮನಿಯ ಪಿಂಗಾಣಿ ಗೊಂಬೆ ಕಾರ್ಖಾನೆಗಳಲ್ಲಿ ತಯಾರಿ. ಮಾದರಿಗಳು ಸರಿ ಬಾರದೆ ಹೋದಾಗ ತಂಗಿ ಕ್ಯಾಲಿಸ್ಟಾಳನ್ನು ಕರೆದುಕೊಂಡು ರೋಸ್ ಜರ್ಮನಿಗೇ ಹೋಗಿ ನಿಂತು ತಿದ್ದಿಸಿದಳು. ಅತಿ ಚಿಕ್ಕ ಅಳತೆಯ ಗೊಂಬೆಗೂ ದೊಡ್ಡದರಷ್ಟೇ ನಿಗಾ ಕೊಡಿ ಅಂತ ಹಟ ಹಿಡಿದಳು, ಬಡವರ ಮಕ್ಕಳು ಕೊಳ್ಳುವುದು ಅದನ್ನೇ ಅಂತ. ಒಂದು ಕ್ಯೂಪಿಯನ್ನು ಹತ್ತಿರದಿಂದ ನೋಡಿ. ಬೆರಳು ಅಗಲಿಸಿದ ಕೈ, ಕುತ್ತಿಗೆಯ ಹಿಂದೆ ಬೆರಳಿನ ಉಗುರಿನಷ್ಟು ನೀಲಿ ರೆಕ್ಕೆ, ಗೆರೆಯಂಥ ತುಟಿ. ಕಣ್ಣು ನಿಮ್ಮನ್ನು ನೋಡುವುದಿಲ್ಲ, ಪಕ್ಕಕ್ಕೆ ವಾಲಿಕೊಂಡಿದೆ. ಏನೋ ಕಿತಾಪತಿ ಮಾಡಿದ್ದೇನೆ, ನಿನಗೆ ಇನ್ನೂ ಗೊತ್ತಾಗಿಲ್ಲ ಅನ್ನುವ ನೋಟ. ಮುದ್ದು ಗೊಂಬೆಗೆ ಅಂಥ ಕಣ್ಣು ಬೇಕಿರಲಿಲ್ಲ. ಅದು ಪಕ್ ಪತ್ರಿಕೆಯ ಏಳುನೂರು ಚಿತ್ರ ಬರೆದ ಕೈಯಿಂದ ಬಂದ ಕಣ್ಣು.

ನನ್ನ ವಾದಕ್ಕೆ ಗಟ್ಟಿ ಸಾಕ್ಷಿ ಇರುವುದು ಓಟಿನ ಹೋರಾಟದಲ್ಲಿ. 1910ರ ದಶಕದಲ್ಲಿ ಅಮೆರಿಕದ ಹೆಂಗಸರು ಮತದಾನದ ಹಕ್ಕಿಗೆ ಬೀದಿಗಿಳಿದಿದ್ದರು. ಅವರನ್ನು ಹೀಯಾಳಿಸುವ ಚಿತ್ರದ ಅಂಚೆ ಕಾರ್ಡುಗಳು ರಾಶಿ ರಾಶಿ. ಎಲ್ಲದರಲ್ಲೂ ಒಂದೇ ಕಥೆ. ಹೆಂಡತಿ ಭಾಷಣಕ್ಕೆ ಹೋಗಿದ್ದಾಳೆ, ಮನೆಯಲ್ಲಿ ಗಂಡ ಅಳುವ ಮಗುವನ್ನು ಎತ್ತಿಕೊಂಡು ಕಂಗಾಲಾಗಿದ್ದಾನೆ. ಓಟು ಕೊಟ್ಟರೆ ಮಗುವಿಗೆ ಗತಿ ಇಲ್ಲ ಅನ್ನುವುದು ವಾದ. ಇದಕ್ಕೆ ಲೇಖನ ಬರೆದು ಉತ್ತರ ಕೊಡಬಹುದಿತ್ತು, ಎಷ್ಟೋ ಜನ ಕೊಟ್ಟರು ಕೂಡ. ರೋಸ್ ಏನು ಮಾಡಿದಳು? ಅದೇ ಮಗುವನ್ನು ಕಸಿದುಕೊಂಡಳು. ಆಕೆಯ ಕಾರ್ಡಿನಲ್ಲಿ ಪುಟಾಣಿಗಳೇ ಸಾಲಾಗಿ ಮೆರವಣಿಗೆ ಹೊರಟಿವೆ, 'ನಮ್ಮ ಅಮ್ಮಂದಿರಿಗೆ ಓಟು ಕೊಡಿ' ಅಂತ. ಇನ್ನೊಂದರಲ್ಲಿ ಮಕ್ಕಳು ಲೆಕ್ಕ ಒಪ್ಪಿಸುತ್ತವೆ: ನಮ್ಮ ಊಟ, ಆರೋಗ್ಯ, ಆಟ, ಮನೆ, ಶಾಲೆ, ಎಲ್ಲವನ್ನೂ ತೀರ್ಮಾನಿಸುವುದು ಗಂಡಸರ ಓಟು. ಅಪ್ಪನಿಗೆ ಇದು ಯಾಕೆ ಹೊಳೆಯುವುದಿಲ್ಲವೋ ಅಂತ ಕೊನೆಗೆ ಒಂದು ಕುಟುಕು. ಬಾಳೆಹಣ್ಣಿನಲ್ಲಿ ಸೂಜಿ ಇಟ್ಟ ಹಾಗೆ. ಎದುರಾಳಿಯ ಚಿತ್ರವನ್ನೇ ತಿರುಗಿಸಿ ಅವನಿಗೇ ತೋರಿಸುವುದು ಪಕ್ಕಾ ಕಾರ್ಟೂನಿಸ್ಟ್ ಬುದ್ಧಿ. ಮುದ್ದು ಮಕ್ಕಳನ್ನು ಬರೆಯುವವರು ಆಗ ಬೇಕಾದಷ್ಟು ಜನ ಇದ್ದರು, ಈ ಏಟು ಹೊಡೆದದ್ದು ಈಕೆ.

1914ರಲ್ಲಿ ಟೆನೆಸ್ಸಿಯ ನ್ಯಾಶ್ವಿಲ್ಲಿನ ಜಾತ್ರೆ ಮೈದಾನದ ಮೇಲೆ ವಿಮಾನದಿಂದ ಕ್ಯೂಪಿ ಗೊಂಬೆಗಳನ್ನು ಉದುರಿಸಿದರು. ಪ್ರತಿ ಗೊಂಬೆಗೂ ಪುಟ್ಟ ಪ್ಯಾರಾಚೂಟು, ಮೈಮೇಲೆ ಓಟಿನ ಘೋಷಣೆಯ ಪಟ್ಟಿ. ವಿಮಾನವನ್ನೇ ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ ಕಾಲ ಅದು! ರೋಸ್ ತಾನೂ ತಂಗಿಯ ಜೊತೆ ಮೆರವಣಿಗೆಗಳಲ್ಲಿ ನಡೆದಳು. ಸೊಂಟ ಬಿಗಿಯುವ ಕಾರ್ಸೆಟ್ ಎಸೆದು ಸಡಿಲವಾದ ಉದ್ದ ನಿಲುವಂಗಿ ತೊಟ್ಟುಕೊಂಡೇ ಓಡಾಡಿದಳು. ಇಷ್ಟು ಬಿಗಿಯಾದ ಬಟ್ಟೆಯೊಳಗೆ ತುಂಬಿಸಿಟ್ಟರೆ ಹೆಂಗಸು ಗಂಡಸಿಗೆ ಸಮಕ್ಕೆ ನಿಲ್ಲುವುದು ಹೇಗೆ ಅಂತ ಪತ್ರಿಕೆಯವರಿಗೆ ಹೇಳಿದಳು. ಹೆಂಗಸರ ಓಟಿನ ಬಗ್ಗೆ ನ್ಯೂಯಾರ್ಕ್ ರಾಜ್ಯದಲ್ಲಿ ನಡೆದ 1915ರ ಜನಮತ ಸೋತಿತು, 1917ರಲ್ಲಿ ಗೆದ್ದಿತು. ಇಡೀ ದೇಶಕ್ಕೆ ಹಕ್ಕು ಬಂದದ್ದು 1920ರಲ್ಲಿ.

ಈಗ ದುಡ್ಡಿನ ವಿಷಯ. ಇಲ್ಲೇ ನನಗೆ ಜಾಸ್ತಿ ಸಿಟ್ಟು ಬರುವುದು. ಕ್ಯೂಪಿಯಿಂದ ಆಕೆಗೆ ಸುಮಾರು 14 ಲಕ್ಷ ಡಾಲರ್ ಬಂತು ಅಂತ ಲೆಕ್ಕ ಹೇಳುತ್ತಾರೆ. ನ್ಯೂಯಾರ್ಕಿನ ವಾಷಿಂಗ್ಟನ್ ಸ್ಕ್ವೇರಿನಲ್ಲಿ ಮನೆ, ಕನೆಕ್ಟಿಕಟ್‌ನಲ್ಲಿ ಒಂದು ಬಂಗಲೆ, ಇಟಲಿಯ ಕಾಪ್ರಿ ದ್ವೀಪದಲ್ಲಿ ಒಂದು. ಕವಿಗಳು, ಸಂಗೀತಗಾರರು, ಹೊಟ್ಟೆಗಿಲ್ಲದ ಚಿತ್ರಕಾರರು ಬಂದು ತಿಂಗಳುಗಟ್ಟಲೆ ಉಂಡು ಹೋದರು. ಆಮೇಲೆ ಆರ್ಥಿಕ ಕುಸಿತ ಬಂತು, ಪತ್ರಿಕೆಗಳಲ್ಲಿ ಕೈಯಲ್ಲಿ ಬರೆದ ಚಿತ್ರದ ಜಾಗಕ್ಕೆ ಫೋಟೋ ಬಂತು, ಹಣ ಕರಗಿತು. 'ದುಂದುಗಾತಿ, ಲೆಕ್ಕಾಚಾರ ಗೊತ್ತಿರಲಿಲ್ಲ' ಅಂತ ಎಲ್ಲರೂ ಒಂದೇ ರಾಗ. ಸ್ವಾಮಿ, ಚಿಕ್ಕವಯಸ್ಸಿನಿಂದ ಅಪ್ಪ ಅಮ್ಮ, ತಮ್ಮ ತಂಗಿಯರನ್ನು ಸಾಕಿದವಳು. ಮೊದಲ ಗಂಡನ ಶೋಕಿಗೂ ಈಕೆಯದೇ ದುಡ್ಡು. ಆಗ ಯಾರೂ ದುಂದು ಅನ್ನಲಿಲ್ಲ. ತನ್ನ ಕೈಯಾರೆ ತನಗೆ ಇಷ್ಟ ಬಂದವರಿಗೆ ಖರ್ಚು ಮಾಡಿದಾಗ ಅದು ದುಂದು ಆಯಿತು. ಕುಡುಕ ಗೆಳೆಯರಿಗೆ ಸುರಿದು ಬರಿಗೈಯಾದ ಗಂಡಸು ಕಲಾವಿದರನ್ನು ನಾವು ಏನಂತ ಕರೆಯುತ್ತೇವೆ? 'ಅಯ್ಯೋ, ದೊಡ್ಡ ಮನಸ್ಸಿನವನು.'

ಕ್ಯೂಪಿ ಹೊರಗೆ ಮೆರೆಯುತ್ತಿದ್ದಾಗ ಆಕೆ ಒಳಗೊಳಗೆ ಬೇರೆಯದನ್ನೂ ಬರೆಯುತ್ತಿದ್ದಳು. ಅರ್ಧ ಮನುಷ್ಯ, ಅರ್ಧ ಮೃಗ, ಬಂಡೆಯಂಥ ಮೈ, ಬೇರಿನ ಹಾಗೆ ಹೆಣೆದುಕೊಂಡ ಗೆರೆಗಳು. 'ಸಿಹಿ ರಾಕ್ಷಸರು' ಅಂತ ಹೆಸರಿಟ್ಟು 1921ರಲ್ಲಿ ಪ್ಯಾರಿಸ್ಸಿನಲ್ಲಿ ತೋರಿಸಿದಳು. ಇವು ಆಕೆಯ ನಿಜವಾದ ಕಲೆ, ಕ್ಯೂಪಿ ಬರೀ ಹೊಟ್ಟೆಪಾಡು ಅನ್ನುವವರಿದ್ದಾರೆ. ನನಗೆ ಆ ಮಾತೂ ರುಚಿಸುವುದಿಲ್ಲ. ರಾಕ್ಷಸರು ಭವ್ಯವಾಗಿದ್ದಾರೆ, ಒಪ್ಪಿದೆ, ಆದರೆ ಒಂದು ಗಂಟೆ ನೋಡಿದರೆ ಸ್ವಲ್ಪ ಭಾರ. ನಗಿಸುವ ಕೆಲಸ ಯಾವತ್ತೂ ಎರಡನೇ ದರ್ಜೆ ಅನ್ನುವ ಮಡಿವಂತಿಕೆ ಇದರ ಹಿಂದೆ ಇದೆ.

1930ರ ದಶಕದ ಕೊನೆಗೆ ಆಕೆ ಬಾನಿಬ್ರೂಕ್‌ಗೆ ವಾಪಸ್ಸಾದಳು. ಅಲ್ಲೂ ಕೈ ನಿಲ್ಲಲಿಲ್ಲ, ನಗುವ ಬುದ್ಧನ ಹೊಸ ಗೊಂಬೆಯೊಂದನ್ನು ಮಾಡಿದಳು, ಅದು ಓಡಲಿಲ್ಲ. 1944ರ ಏಪ್ರಿಲಿನಲ್ಲಿ ತೀರಿಕೊಂಡಳು. ಬಾನಿಬ್ರೂಕ್ 1947ರಲ್ಲಿ ಸುಟ್ಟುಹೋಯಿತು, ಈಗ ಅಲ್ಲಿರುವುದು ಮತ್ತೆ ಕಟ್ಟಿಸಿದ ಮನೆ. ಆಕೆಯ ಆತ್ಮಕಥೆ ಪುಸ್ತಕವಾಗಿ ಹೊರಬರಲು 1997 ಬೇಕಾಯಿತು.

ಪಕ್ ಪತ್ರಿಕೆಯ ಹಳೆಯ ಸಂಚಿಕೆಗಳು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. 1897ರಿಂದ ಶುರು ಮಾಡಿ, ಚಿತ್ರದ ಮೂಲೆಯಲ್ಲಿ ಸಹಿ ಹುಡುಕಿ, ಕೆಳಗಿನ ಜೋಕು ಓದದೆ ಮುಖಗಳನ್ನು ಮಾತ್ರ ನೋಡಿ. ಯಾವುದು ಹಿಡಿಸಿತು ಅಂತ ನನಗೆ ಬರೆಯಿರಿ, ನನ್ನ ವಾದ ತಪ್ಪು ಅನಿಸಿದರೂ ಬರೆಯಿರಿ.

ಮುಂದಿನ ಸಲ ನೆಲ್ ಬ್ರಿಂಕ್ಲಿ. ಆಕೆ ಪತ್ರಿಕೆಯಲ್ಲಿ ಬರೆದ ಗುಂಗುರು ಕೂದಲಿನ ಹುಡುಗಿಯರು ಎಷ್ಟು ಜನಪ್ರಿಯರಾದರು ಅಂದರೆ, ಅಂಗಡಿಗಳಲ್ಲಿ ಆಕೆಯ ಹೆಸರಿನಲ್ಲೇ ಕೂದಲು ಸುರುಳಿ ಮಾಡುವ ಕ್ಲಿಪ್ಪು ಮಾರಿದರು. ಅದರ ಕಥೆ ಆಗ ಹೇಳುತ್ತೇನೆ.